ಸಂಘದ ಫ್ಲ್ಯಾಟ್: ಷೇರು ಪತ್ರ ಕೈಗೆ ಬಂದರೆ ಮನೆ ನಿಮ್ಮದಾಗುತ್ತದೆಯೇ?

ಪ್ರಶ್ನೆ: ನಾವು ಆಳಂದ ಕಡೆಯವರು. ಕಲಬುರಗಿಯ ಶಹಾಬಜಾರ್‌ನಲ್ಲಿ ತಿಂಗಳಿಗೆ 9,000 ರೂಪಾಯಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಖಾಸಗಿ ಶಾಲೆಯ ಶಿಕ್ಷಕಿ, ನಮ್ಮ ಮನೆಯವರು ಔಷಧ ಕಂಪನಿಯೊಂದರಲ್ಲಿದ್ದಾರೆ. ಇಬ್ಬರ ವರಮಾನ ಸೇರಿ ವರ್ಷಕ್ಕೆ ಸುಮಾರು 7 ಲಕ್ಷ. ಸೇಡಂ ರಸ್ತೆ ಕಡೆ ಗೃಹ ನಿರ್ಮಾಣ ಸಹಕಾರ ಸಂಘವೊಂದು 60×100 ಅಡಿ ಜಾಗದಲ್ಲಿ ಕಟ್ಟಿದ 12 ಫ್ಲ್ಯಾಟ್‌ಗಳ ಕಟ್ಟಡವಿದೆ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ. ಮೂರನೇ ಮಹಡಿಯ ಎರಡು ಬೆಡ್‌ರೂಮ್ ಫ್ಲ್ಯಾಟನ್ನು (ಸೂಪರ್ ಬಿಲ್ಟಪ್ 1,000 ಚದರಡಿ) ಸದಸ್ಯರೊಬ್ಬರು 32 ಲಕ್ಷಕ್ಕೆ ಕೊಡುತ್ತಿದ್ದಾರೆ. ಅವರ ಹತ್ತಿರ ಹಂಚಿಕೆ ಪತ್ರ ಮತ್ತು ಷೇರು ಪತ್ರ ಇವೆ. ಸಂಘದಿಂದ ಅವರ ಹೆಸರಿಗೆ ರಜಿಸ್ಟ್ರಿ ಆಗಿಲ್ಲ. "ಷೇರು ನಿಮ್ಮ ಹೆಸರಿಗೆ ಮಾಡಿಕೊಡುತ್ತೇವೆ, ಈಗ 5 ಲಕ್ಷ ನಗದು ಕೊಡಿ, ಇ-ಖಾತಾ ಆಮೇಲೆ ಬರುತ್ತದೆ" ಎನ್ನುತ್ತಾರೆ ಸಂಘದ ಕಾರ್ಯದರ್ಶಿ. ಆ ಭಾಗ ಬೇಗ ಬೆಳೆಯುತ್ತಿದೆ, ತಡ ಮಾಡಿದರೆ ಕೈತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಈಗಿರುವ ಕಾಗದಗಳ ಮೇಲೆ 5 ಲಕ್ಷ ಕೊಡಬೇಡಿ. ಮನೆ ಕೆಟ್ಟದ್ದು ಎಂದು ಹೀಗೆ ಹೇಳುತ್ತಿಲ್ಲ. ಸಂಘದ ಮನೆಗಳು ಖಾಸಗಿ ಬಿಲ್ಡರ್ ದರಕ್ಕಿಂತ ಕಡಿಮೆಗೆ ಸಿಗುವುದುಂಟು, ನಿಮ್ಮಂಥ ಕುಟುಂಬಕ್ಕೆ ಅದು ಒಳ್ಳೆಯ ದಾರಿಯೇ. ಆದರೆ ಮಾರುತ್ತಿರುವವರ ಹೆಸರಿಗೇ ಆ ಮನೆ ಇನ್ನೂ ಆಗಿಲ್ಲ. ತಮ್ಮದಾಗದ್ದನ್ನು ಅವರು ನಿಮಗೆ ಮಾರಲು ಬರುವುದಿಲ್ಲ.

ಸಂಘದ ಮನೆಯಲ್ಲಿ ಸದಸ್ಯತ್ವ ಬೇರೆ, ಮಾಲೀಕತ್ವ ಬೇರೆ. ಷೇರು ಪತ್ರ ನಿಮ್ಮನ್ನು ಸಂಘದ ಸದಸ್ಯೆಯನ್ನಾಗಿ ಮಾಡುತ್ತದೆ: ಸಭೆಗೆ ಹೋಗಬಹುದು, ಮತ ಹಾಕಬಹುದು, ಹಂಚಿಕೆಗೆ ಅರ್ಹರಾಗುತ್ತೀರಿ. ಹಂಚಿಕೆ ಪತ್ರ ಎಂದರೆ "ಈ ಫ್ಲ್ಯಾಟನ್ನು ಇವರಿಗೆ ಕೊಡಲು ತೀರ್ಮಾನಿಸಿದ್ದೇವೆ" ಎಂಬ ಸಂಘದ ಮಾತು, ಅಷ್ಟೇ. ಜಾಗ, ಕಟ್ಟಡ ಎರಡೂ ದಾಖಲೆಯಲ್ಲಿ ಸಂಘದ ಹೆಸರಲ್ಲೇ ಇರುತ್ತವೆ. 100 ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಬೇಕೇ ಬೇಕು. ಜಿಪಿಎ (ಬೇರೆಯವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ), ಒಪ್ಪಂದ ಪತ್ರಗಳ ಮೇಲೆ ಮಾಲೀಕತ್ವ ದಾಟುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಷೇರು ಪತ್ರ ನೋಡಿ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುವುದೂ ಇದಕ್ಕೇ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಮೊದಲನೆಯದು: ಸಂಘ ಮೊದಲು ಈ ಸದಸ್ಯರಿಗೆ ಕ್ರಯಪತ್ರ ಬರೆದುಕೊಡಲಿ, ಆಮೇಲೆ ಅವರು ನಿಮಗೆ ಬರೆದುಕೊಡಲಿ. ಎರಡು ಸಲ ನೋಂದಣಿ ಖರ್ಚು ಬೀಳುತ್ತದೆ, ಮೊದಲನೆಯದನ್ನು ಮಾರುವವರೇ ಭರಿಸಬೇಕು. ಸಂಘದ ಪತ್ರದಲ್ಲಿ "ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ" ಎಂಬ ಷರತ್ತು ಇದೆಯೇ ಎಂದು ಓದಿಸಿ ನೋಡಿ. ಮೊದಲು ಗುತ್ತಿಗೆಗೆ ಕೊಟ್ಟು ಆಮೇಲೆ ಕ್ರಯ ಮಾಡಿಕೊಡುವ ಲೀಸ್ ಕಮ್ ಸೇಲ್ ಪದ್ಧತಿಯಲ್ಲಿ 10 ವರ್ಷದ ನಿರ್ಬಂಧ ಸಾಮಾನ್ಯ. ಅವಧಿ ಮುಗಿಯದಿದ್ದರೆ ನಿಮ್ಮ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು: ಮಾರುವವರು ಹಂಚಿಕೆ ಬಿಟ್ಟುಕೊಟ್ಟು, ಸಂಘ ನಿಮ್ಮನ್ನು ಸದಸ್ಯೆಯನ್ನಾಗಿ ಸೇರಿಸಿಕೊಂಡು ನೇರವಾಗಿ ನಿಮಗೇ ಕ್ರಯಪತ್ರ ಬರೆಯುವುದು. ಕಾರ್ಯದರ್ಶಿಗಳು ಇದನ್ನು ಸುಲಭ ಎನ್ನುತ್ತಾರೆ, ಖರ್ಚೂ ಕಡಿಮೆ. ಇಲ್ಲಿ ಎರಡು ತೊಡಕು. ಸಂಘದಲ್ಲಿ ಹಂಚಿಕೆಗೆ ಕಾದಿರುವ ಹಳೆಯ ಸದಸ್ಯರ ಜ್ಯೇಷ್ಠತಾ ಪಟ್ಟಿ ಇದ್ದರೆ, ಅವರನ್ನು ಬಿಟ್ಟು ಹೊಸಬರಿಗೆ ಕೊಟ್ಟದ್ದನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ಯಾರಾದರೂ ಪ್ರಶ್ನಿಸಬಹುದು. ಇನ್ನೊಂದು ಹಣದ್ದು: ಸಂಘ ತನ್ನ ಹಳೆಯ ಹಂಚಿಕೆ ದರಕ್ಕೆ, ಹೇಳೋಣ 18 ಲಕ್ಷಕ್ಕೆ, ಪತ್ರ ಬರೆಯುತ್ತದೆ, ಮಿಕ್ಕ 14 ಲಕ್ಷವನ್ನು ಸದಸ್ಯರು ಕೈಗೆ ಕೇಳುತ್ತಾರೆ. ಆಗ ಬ್ಯಾಂಕ್ 18 ಲಕ್ಷದ ಲೆಕ್ಕದಲ್ಲೇ ಸಾಲ ಕೊಡುತ್ತದೆ, 14 ಲಕ್ಷಕ್ಕೆ ನಿಮ್ಮ ಹತ್ತಿರ ಯಾವ ಪುರಾವೆಯೂ ಇರುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವೂ ಇದೆ. ಅವರು 5 ಲಕ್ಷ ನಗದು ಕೇಳುತ್ತಿರುವುದೇ ಆ ನಿಷೇಧಕ್ಕೆ ವಿರುದ್ಧ.

ನನ್ನ ಸಲಹೆ ಮೊದಲನೇ ದಾರಿ. ಖರ್ಚು ಹೆಚ್ಚಾದರೂ ಮಾಲೀಕತ್ವದ ಸರಪಳಿ ತುಂಡಾಗುವುದಿಲ್ಲ, ನಾಳೆ ನೀವು ಮಾರುವಾಗಲೂ ಕೊಳ್ಳುವವರು ಪ್ರಶ್ನೆ ಎತ್ತುವುದಿಲ್ಲ.

ಫ್ಲ್ಯಾಟ್ ನೋಡುವ ಮೊದಲು ಸಂಘವನ್ನು ನೋಡಿ. ಕಲಬುರಗಿಯ ಸಹಕಾರ ಸಂಘಗಳ ಉಪನಿಬಂಧಕರು ಅಥವಾ ಸಹಾಯಕ ನಿಬಂಧಕರ ಕಚೇರಿಗೆ ಅರ್ಜಿ ಹಾಕಿ ಸಂಘದ ನೋಂದಣಿ ಪತ್ರ, ಬೈಲಾದ ದೃಢೀಕೃತ ಪ್ರತಿ, ಕಳೆದ ಮೂರು ವರ್ಷದ ಲೆಕ್ಕ ಪರಿಶೋಧನಾ ವರದಿ ಮತ್ತು ಈಗಿನ ಆಡಳಿತ ಮಂಡಳಿಯ ಪಟ್ಟಿ ಪಡೆಯಿರಿ. ಮಂಡಳಿಯ ಅವಧಿ 5 ವರ್ಷ. ಅವಧಿ ಮುಗಿದು ಚುನಾವಣೆ ನಡೆಯದ ಸಂಘಕ್ಕೆ ಆಡಳಿತಾಧಿಕಾರಿಯ ನೇಮಕವಾಗಿರುತ್ತದೆ. ಆಗ ಹಳೆಯ ಅಧ್ಯಕ್ಷ, ಕಾರ್ಯದರ್ಶಿಗಳ ಸಹಿ ಇರುವ ಠರಾವಿಗೆ ಬೆಲೆಯಿಲ್ಲ. ಸಂಘದ ಮನೆಗಳ ವ್ಯವಹಾರ ಕೆಡುವುದು ಬಹಳ ಸಲ ಈ ಜಾಗದಲ್ಲೇ: ಸಹಿ ಇರುತ್ತದೆ, ಸಹಿ ಮಾಡುವ ಅಧಿಕಾರ ಇರುವುದಿಲ್ಲ. ಸಂಘದ ಮೇಲೆ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ವಿಚಾರಣೆ ನಡೆದಿದೆಯೇ, ಸಮಾಪನೆಯ (ಸಂಘ ಮುಚ್ಚುವ) ಆದೇಶ ಆಗಿದೆಯೇ ಎಂದು ಅದೇ ಕಚೇರಿಯಲ್ಲಿ ಕೇಳಿ. ಪರಿಶೋಧನಾ ವರದಿಯಲ್ಲಿ ಸಂಘದ ಸಾಲದ ಪುಟ ತೆರೆದು ಓದಿ. ಇದೇ ಜಾಗ ಒತ್ತೆ ಇಟ್ಟು ಸಂಘ ಸಾಲ ಪಡೆದಿದ್ದರೆ, ಸಾಲ ತೀರಿದ ಪತ್ರ ಬರುವವರೆಗೆ ಮುಂದುವರಿಯಬೇಡಿ.

ಬೈಲಾದಲ್ಲಿ ಸದಸ್ಯತ್ವದ ಅರ್ಹತೆಯನ್ನೂ ನೋಡಿ. ಆ ಊರಲ್ಲಿ ನಿಮ್ಮ, ಪತಿಯ ಅಥವಾ ಅಪ್ರಾಪ್ತ ಮಕ್ಕಳ ಹೆಸರಲ್ಲಿ ಮನೆ, ಪ್ಲಾಟ್ ಇರಬಾರದು; ರಾಜ್ಯದಲ್ಲಿ ಇಷ್ಟು ವರ್ಷ ವಾಸವಿರಬೇಕು ಎಂಬ ನಿಯಮ ಅನೇಕ ಸಂಘಗಳಲ್ಲಿದೆ. "ಸಹ ಸದಸ್ಯತ್ವ ಕೊಡುತ್ತೇವೆ, ಸಾಕು" ಎಂದರೆ ಒಪ್ಪಬೇಡಿ. ಪೂರ್ಣ ಸದಸ್ಯರಲ್ಲದವರಿಗೆ ಮಾಡಿದ ಹಂಚಿಕೆ ಮುಂದೆ ರದ್ದಾಗುವ ಅಪಾಯವಿದೆ.

ಇನ್ನು ಜಮೀನು. ಈ ಸೀಮೆ 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ ಇಲ್ಲಿನ ಹಳೆಯ ಕಾಗದಗಳು ಬೆಂಗಳೂರು, ಮೈಸೂರು ಕಡೆಯವುಗಳಂತಲ್ಲ. ಮೂಲ ಪತ್ರ ಉರ್ದುವಿನಲ್ಲಿದ್ದರೆ ಅದನ್ನು ಓದಬಲ್ಲ ವಕೀಲರಿಂದಲೇ ಪರಿಶೀಲನೆ ಮಾಡಿಸಿ. ಯಾರೋ ಬರೆದುಕೊಟ್ಟ ಸಾರಾಂಶ ನಂಬಬೇಡಿ. ಜಮೀನು ಮಠ, ದೇವಸ್ಥಾನ ಅಥವಾ ದರ್ಗಾದ ಇನಾಂ ಆಗಿತ್ತೇ, ವಕ್ಫ್ ಗೆಜೆಟ್ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯೇ, ಹಳೆಯ ಪಹಣಿಯಲ್ಲಿ ಸಂರಕ್ಷಿತ ಗೇಣಿದಾರರ (ಕಾನೂನಿನ ರಕ್ಷಣೆ ಇರುವ ಉಳುಮೆದಾರರ) ಹೆಸರಿತ್ತೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಮಾರಾಟ ನಿಲ್ಲುವುದಿಲ್ಲ.

ಋಣಭಾರ ಪತ್ರ, ಅಂದರೆ ಇಸಿ, ಎರಡು ಬೇಕು: ಒಂದು ಮೂಲ ಸರ್ವೆ ನಂಬರ್ ಮೇಲೆ, ಇನ್ನೊಂದು ಕಟ್ಟಡ ನಿಂತ ಪ್ಲಾಟಿನ ಮೇಲೆ. ಕನಿಷ್ಠ 30 ವರ್ಷದ್ದು ತೆಗೆಸಿ. ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಡಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೋರ್ಟಿನ ದಾವೆ, ನೋಂದಣಿಯಾಗದ ಕರಾರು ಅಲ್ಲಿ ಬರುವುದಿಲ್ಲ. ಅದಕ್ಕೇ ಸರ್ವೆ ನಂಬರ್ ಮತ್ತು ಸಂಘದ ಹೆಸರು ಹಿಡಿದು ಕಲಬುರಗಿ ಜಿಲ್ಲಾ ನ್ಯಾಯಾಲಯದಲ್ಲಿ ಬಾಕಿ ಪ್ರಕರಣ ಹುಡುಕಲು ವಕೀಲರಿಗೆ ಹೇಳಿ. ಕೃಷಿಯೇತರ ಪರಿವರ್ತನೆಯ ಆದೇಶ (ನಮ್ಮ ಕಡೆ ಎನ್‌ಎ ಎನ್ನುವುದು, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ) ಮತ್ತು ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಅನುಮೋದನೆ ಎರಡೂ ಇರಬೇಕು. ಎನ್‌ಎ ಆಗಿದೆ ಎಂದ ಮಾತ್ರಕ್ಕೆ ಲೇಔಟ್ ಮಂಜೂರಾಗಿದೆ ಎಂದಲ್ಲ.

ನಿಮ್ಮ ಫ್ಲ್ಯಾಟಿನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಮೂಡಿಸುವುದು ಅದು ಮೂರನೇ ಮಹಡಿ ಎಂಬುದು. ಮಂಜೂರಾದ ನಕ್ಷೆಯ ಪ್ರತಿ ತರಿಸಿ, ಅದರಲ್ಲಿ ಮಹಡಿ ಎಷ್ಟು ಎಂದು ಎಣಿಸಿ. ಪಾರ್ಕಿಂಗ್ ಮತ್ತು ಎರಡು ಮಹಡಿಗೆ ಅನುಮತಿ ಪಡೆದು ಮೂರು ಕಟ್ಟಿದ್ದರೆ ನಿಮ್ಮದೇ ಅನಧಿಕೃತ ಮಹಡಿ. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂಬ ಅನುಮತಿ, ಎಲ್ಲರೂ ಓಸಿ ಎನ್ನುವುದು, ಆ ಮಹಡಿಯನ್ನೂ ಸೇರಿಸಿ ಕೊಟ್ಟಿದ್ದಾರೆಯೇ ನೋಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ ಓಸಿ ಇಲ್ಲದ ಕಟ್ಟಡಕ್ಕೆ ಹೊಸ ವಿದ್ಯುತ್, ನೀರಿನ ಸಂಪರ್ಕ ಪಡೆಯುವುದು ಕಷ್ಟವಾಗಿದೆ. ಜೆಸ್ಕಾಂ ಮೀಟರ್ ಇನ್ನೂ ತಾತ್ಕಾಲಿಕ ಸಂಪರ್ಕದಲ್ಲೇ ಇದ್ದರೆ ಓಸಿ ಬಂದಿಲ್ಲ ಎಂಬ ಅನುಮಾನಕ್ಕೆ ಅದೇ ಸಾಕು.

"ಇ-ಖಾತಾ ಆಮೇಲೆ" ಎಂಬ ಮಾತು ತಲೆಕೆಳಗು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಕಡ್ಡಾಯ. ಅಂದರೆ ಮೊದಲು ಇ-ಖಾತಾ, ಆಮೇಲೆ ರಜಿಸ್ಟ್ರಿ. ಬಹುಶಃ ಇಡೀ ಕಟ್ಟಡಕ್ಕೆ ಸಂಘದ ಹೆಸರಲ್ಲಿ ಒಂದೇ ಖಾತಾ ಇದೆ. ಅದನ್ನು 12 ಫ್ಲ್ಯಾಟ್‌ಗಳಿಗೆ ವಿಭಜಿಸಲು ಮಹಾನಗರ ಪಾಲಿಕೆಗೆ ಮಂಜೂರಾದ ನಕ್ಷೆ, ಓಸಿ, ತೆರಿಗೆ ಬಾಕಿ ಇಲ್ಲದ ರಸೀದಿ ಎಲ್ಲ ಕೊಡಬೇಕು. ಆ ಕೆಲಸ ಸಂಘದ್ದು, ನಿಮ್ಮದಲ್ಲ. ಬಂದ ಮೇಲೆ ಅದು ಎ-ಖಾತಾವೋ ಬಿ-ಖಾತಾವೋ ನೋಡಿ. ಬಿ-ಖಾತಾ ಎಂದರೆ ಪಾಲಿಕೆ ತೆರಿಗೆಗಾಗಿ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದಷ್ಟೇ, ಕಟ್ಟಡ ಸಕ್ರಮವಾಯಿತು ಎಂದಲ್ಲ. ಸಾಲಕ್ಕೂ ಮರುಮಾರಾಟಕ್ಕೂ ಅದು ತೊಡಕು.

2017ರ ಮೇ 1ಕ್ಕೆ ಪೂರ್ಣತಾ ಪತ್ರ ಸಿಗದಿದ್ದ ಅಥವಾ ಆಮೇಲೆ ಶುರುವಾದ ಕಟ್ಟಡವಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಯೂ ಬೇಕು. ಸಹಕಾರ ಸಂಘವೆಂದು ವಿನಾಯಿತಿ ಇಲ್ಲ, ಸದಸ್ಯರಿಗಾಗಿ ಕಟ್ಟುವ ಸಂಘವೂ ಆ ಕಾಯ್ದೆಯಲ್ಲಿ ಪ್ರವರ್ತಕನೇ, ಅಂದರೆ ಬಿಲ್ಡರ್‌ಗೆ ಸಮ. ಮನೆ ಒಪ್ಪಿಸಿದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಪುಕ್ಕಟೆ ಸರಿಪಡಿಸುವ ಹೊಣೆ ಅದರದ್ದು.

ಈಗ ಬೆಲೆ. ಸೂಪರ್ ಬಿಲ್ಟಪ್‌ನಲ್ಲಿ ಗೋಡೆ, ಮೆಟ್ಟಿಲಿನಂಥ ಸಾಮಾನ್ಯ ಜಾಗದ ಪಾಲೂ ಸೇರಿರುತ್ತದೆ. ಸೂಪರ್ ಬಿಲ್ಟಪ್ 1,000 ಎಂದರೆ ಒಳಗೆ ನೆಲಕ್ಕೆ ಸಿಗುವುದು 700ರಿಂದ 750 ಚದರಡಿ. ಟೇಪ್ ಹಿಡಿದು ಕೋಣೆ ಕೋಣೆ ಅಳೆಯಿರಿ. 720 ಬಂದರೆ ನೀವು ಚದರಡಿಗೆ ಕೊಡುತ್ತಿರುವುದು 3,200 ಅಲ್ಲ, ಸುಮಾರು 4,440. ಬೇರೆ ಫ್ಲ್ಯಾಟ್‌ಗಳನ್ನೂ ಹೀಗೆಯೇ ಅಳೆದು ಹೋಲಿಸಿ.

ಅದಕ್ಕಿಂತ ಮುಖ್ಯವಾದದ್ದು ನೆಲದ ಅವಿಭಾಜ್ಯ ಪಾಲು, ಅಂದರೆ ಕಟ್ಟಡ ನಿಂತ ಜಾಗದಲ್ಲಿ ನಿಮಗೆ ಸೇರುವ ಹಿಸ್ಸೆ. ಜಾಗ 6,000 ಚದರಡಿ, ಸಮನಾದ 12 ಫ್ಲ್ಯಾಟ್. ನಿಮ್ಮ ಪಾಲು 500 ಚದರಡಿ ಆಗಬೇಕು. ಕರಡು ಕ್ರಯಪತ್ರದಲ್ಲಿ 400 ಎಂದಿದ್ದರೆ ಮಿಕ್ಕ 1,200 ಚದರಡಿ ಸಂಘದ ಕೈಯಲ್ಲೇ ಉಳಿದಿದೆ ಎಂದರ್ಥ. ಮುಂದೆ ಇನ್ನೊಂದು ಮಹಡಿ ಏರಿಸಿ ಅದಕ್ಕೆ ಆ ಪಾಲು ಕೊಡುವ ಇರಾದೆ ಇರಬಹುದು. ಟೆರೇಸ್ ಹಕ್ಕು ಯಾರದ್ದು ಎಂದು ಅದೇ ಪತ್ರದಲ್ಲಿ ನೋಡಿ. ಅದು 12 ಜನರಿಗೂ ಸೇರಿದ್ದು ಎಂದು ಬರೆದಿರಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ ಘೋಷಣಾ ಪತ್ರ ನೋಂದಣಿಯಾಗಿದ್ದರೆ ಪ್ರತಿ ಮನೆಯ ಪಾಲು ಅದರಲ್ಲಿ ಇರುತ್ತದೆ, ಎರಡನ್ನೂ ತಾಳೆ ಹಾಕಿ.

ಬೆಳೆಯುತ್ತಿರುವ ಏರಿಯಾ ಎಂದಾಗ ಏರುವುದು ನೆಲದ ಬೆಲೆ. ಕಟ್ಟಡದ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅಲ್ಲಿ ಪ್ಲಾಟಿನ ದರ ಚದರಡಿಗೆ 2,000 ಎಂದಿಟ್ಟುಕೊಳ್ಳಿ. ನಿಮ್ಮ 500 ಚದರಡಿಗೆ 10 ಲಕ್ಷ. ಹಾಗಾದರೆ 22 ಲಕ್ಷ ಕೊಡುತ್ತಿರುವುದು ಕಟ್ಟಡಕ್ಕೆ, ಸೂಪರ್ ಬಿಲ್ಟಪ್ ಲೆಕ್ಕದಲ್ಲೇ ಚದರಡಿಗೆ 2,200. ಕಟ್ಟಡ ಹತ್ತು ವರ್ಷ ಹಳೆಯದಾಗಿದ್ದರೆ ಅದು ದುಬಾರಿ, ಚೌಕಾಸಿ ಮಾಡಲು ನಿಮಗೆ ಕಾರಣ ಸಿಕ್ಕಿತು. ಸ್ಥಳೀಯ ಪ್ಲಾಟ್ ದರ ವಿಚಾರಿಸಿ ಈ ಲೆಕ್ಕ ನೀವೇ ಹಾಕಿ. ಸೇಡಂ ರಸ್ತೆಯ ಕಡೆ ಇಎಸ್‌ಐಸಿ ಆಸ್ಪತ್ರೆ ಬಂದದ್ದು, 2019ರ ನವೆಂಬರ್‌ನಲ್ಲಿ ಸರಡಗಿ ಹತ್ತಿರ ವಿಮಾನ ನಿಲ್ದಾಣ ತೆರೆದದ್ದು ಎಲ್ಲರಿಗೂ ತಿಳಿದ ಸಂಗತಿ, ಮಾರುವವರು ಅದನ್ನು ಈಗಾಗಲೇ ಬೆಲೆಗೆ ಸೇರಿಸಿಯೇ ಹೇಳುತ್ತಾರೆ. ನೀವು ವಿಚಾರಿಸಬೇಕಾದದ್ದು ಪ್ರಾಧಿಕಾರದ ಮಾಸ್ಟರ್ ಪ್ಲಾನ್: ಮುಂದಿನ ರಸ್ತೆ ಎಷ್ಟು ಅಗಲವಾಗಲಿದೆ, ಕಟ್ಟಡದ ಮುಂಭಾಗ ಆ ಗೆರೆಯೊಳಗೆ ಬರುತ್ತದೆಯೇ, ಪಕ್ಕದಲ್ಲಿ ನಾಲೆ ಇದೆಯೇ, ಎದುರಿನ ಖಾಲಿ ಜಾಗ ವಾಣಿಜ್ಯ ವಲಯವೇ.

ಕಟ್ಟಡ ಪರೀಕ್ಷೆಗೆ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ಯಿರಿ, ಅವರಿಗೆ ಕೊಡುವ ಶುಲ್ಕ ದಂಡವಲ್ಲ. ನಮ್ಮದು ಎರೆ ಭೂಮಿ: ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅಡಿಪಾಯ ಎರೆ ಮಣ್ಣು ದಾಟಿ ಗಟ್ಟಿ ಮುರಂ ಅಥವಾ ಕಲ್ಲಿನ ಪದರಕ್ಕೆ ಇಳಿಯದಿದ್ದರೆ ಕಟ್ಟಡ ಅಲ್ಲಲ್ಲಿ ಬೇರೆ ಬೇರೆಯಾಗಿ ಕುಸಿಯುತ್ತದೆ. ಬಿರುಕನ್ನು ಓದಲು ಬರಬೇಕು. ಗೋಡೆಯೂ ತೊಲೆಯೂ ಕೂಡುವಲ್ಲಿ ನೆಟ್ಟಗೆ ಅಡ್ಡಕ್ಕೆ ಬಿದ್ದ ಕೂದಲೆಳೆಯ ಗೆರೆ ಸಾಮಾನ್ಯ, ಹೆದರಬೇಕಿಲ್ಲ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೆಟ್ಟಿಲಂತೆ ಹೋಗುವ, 3 ಮಿ.ಮೀ. ದಾಟಿದ ಬಿರುಕು ಅಡಿಪಾಯದ ದೂರು ಹೇಳುತ್ತದೆ. ಪಾರ್ಕಿಂಗ್‌ಗೆ ಹೋಗಿ ಕಂಬಗಳ ಬುಡ ನೋಡಿ: ನೆಲ ಬಿಟ್ಟುಕೊಂಡಿದೆಯೇ, ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯೇ. ಇಂಥ ಬಿರುಕುಗಳು ಮೇ ತಿಂಗಳಲ್ಲಿ ಬಾಯಿ ಬಿಟ್ಟು ಮಳೆ ಬಂದಾಗ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಮಳೆಗಾಲದಲ್ಲಿ ಒಮ್ಮೆ ನೋಡಿ ಒಪ್ಪಿಬಿಡಬೇಡಿ. ಮಾರಾಟಕ್ಕೆಂದೇ ಬಣ್ಣ ಬಳಿದಿದ್ದರೆ ಕೆಳಗಿನ ಮನೆಯವರ ಗೋಡೆ ನೋಡಿ, ಅಲ್ಲಿ ನಿಜ ಇರುತ್ತದೆ.

ನಿಮ್ಮದು ಕಡೆಯ ಮಹಡಿ, ಮೇಲೆ ಟೆರೇಸ್. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಮಧ್ಯಾಹ್ನ ಅಲ್ಲ, ರಾತ್ರಿ 9 ಗಂಟೆಗೆ ಹೋಗಿ ಫ್ಯಾನ್ ಹಾಕಿ ಕುಳಿತು ನೋಡಿ. ಟೆರೇಸ್ ಸೋರಿದರೆ ದುರಸ್ತಿ ಖರ್ಚು 12 ಮನೆಗೂ ಸಮ ಎಂದು ಸಂಘದ ನಿಯಮದಲ್ಲಿ ಇದೆಯೇ ಕೇಳಿ. ಇಲ್ಲದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ.

ನೀರಿನ ಲೆಕ್ಕ ಹೀಗಿದೆ: ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ವರು, 12 ಮನೆ, ಒಟ್ಟು 6,480 ಲೀಟರ್. ಊರಿಗೆ ಭೀಮಾ, ಬೆಣ್ಣೆತೊರೆಯ ನೀರು ಬರುತ್ತದೆ, ಆ ಬಡಾವಣೆಗೆ ಎಷ್ಟು ದಿನಕ್ಕೊಮ್ಮೆ ಎಂದು ಅಕ್ಕಪಕ್ಕದವರನ್ನು ಕೇಳಿ. ಮೂರು ದಿನಕ್ಕೊಮ್ಮೆ ಎಂದರೆ ನೆಲದ ಟ್ಯಾಂಕ್ ಸುಮಾರು 20,000 ಲೀಟರ್ ಹಿಡಿಯಬೇಕು, ಇಲ್ಲದಿದ್ದರೆ ಟ್ಯಾಂಕರ್ ತರಿಸುವ ಖರ್ಚು. ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ ಸಂಘದ ಕಡತದಲ್ಲಿರುತ್ತದೆ, ಕೇಳಿ ನೋಡಿ. ಬೋರ್ ನೀರೇ ಮುಖ್ಯವಾಗಿದ್ದರೆ ನಲ್ಲಿಗಳ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಲಿಫ್ಟ್ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರಬೇಕು.

ಹಣದ ಲೆಕ್ಕಕ್ಕೆ ಬರೋಣ. 24 ಲಕ್ಷ ಸಾಲ, 20 ವರ್ಷ, 8.5 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 20,830 ರೂಪಾಯಿ. ನಿಮ್ಮ ತಿಂಗಳ ವರಮಾನ 58,000ದಷ್ಟು, ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಕಂತಿಗೇ ಹೋಗುತ್ತದೆ. ಬೇರೆ ಸಾಲ ಇಲ್ಲದಿದ್ದರೆ ಮಾತ್ರ ಇದು ತಾಳುತ್ತದೆ. ಕೈಯಿಂದ 8 ಲಕ್ಷ, ಮೇಲೆ ನೋಂದಣಿ ವೆಚ್ಚ. ಸದಸ್ಯರಿಂದ ನಿಮಗೆ ಆಗುವ ಎರಡನೇ ನೋಂದಣಿಗೆ ಮುದ್ರಾಂಕ ಶುಲ್ಕ ಶೇ 5 (1,60,000), ಅದರ ಮೇಲೆ ಶೇ 10 ಸೆಸ್ (16,000), ಶೇ 2 ಸರ್ಚಾರ್ಜ್ (3,200), 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ನೋಂದಣಿ ಶುಲ್ಕ (64,000). ಒಟ್ಟು 2,43,200. ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ 20ರಿಂದ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 3 ಇದೆ. ಆ ಲೆಕ್ಕದಲ್ಲಿ ಇದೇ 32 ಲಕ್ಷಕ್ಕೆ 1,71,520 ಆಗುತ್ತದೆ. ಎರಡನೇ ದಾರಿ ಅಗ್ಗವಾಗಿ ಕಾಣುವುದು ಇದರಿಂದಲೇ. ಮಾರ್ಗಸೂಚಿ ದರ (ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ) ನಿಮ್ಮ ಕ್ರಯದ ಮೊತ್ತಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ. ಓಸಿ ಪಡೆದ ಸಿದ್ಧ ಮನೆಗೆ ಜಿಎಸ್‌ಟಿ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ.

ಪ್ರಧಾನ ಮಂತ್ರಿ ಆವಾಸ್ ನಗರ 2.0ರ ಬಡ್ಡಿ ಸಹಾಯಧನಕ್ಕೆ ನೀವು ಅರ್ಹರಾಗಬಹುದು: ವಾರ್ಷಿಕ ವರಮಾನ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಮೊದಲ 8 ಲಕ್ಷಕ್ಕೆ ಶೇ 4 ಸಹಾಯಧನ, ಒಟ್ಟು ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಹೆಸರಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಆಳಂದದ ಮನೆ ಮಾವನವರ ಹೆಸರಲ್ಲಿದ್ದರೆ ಅಡ್ಡಿಯಿಲ್ಲ, ನಿಮ್ಮವರ ಹೆಸರಿಗೆ ವರ್ಗವಾಗಿದ್ದರೆ ಸಿಗುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಮನಸ್ಸಿದ್ದರೆ 50,000 ರೂಪಾಯಿ ಚೆಕ್‌ನಲ್ಲಿ ಕೊಟ್ಟು ರಸೀದಿ ಪಡೆಯಿರಿ, ಮಾರುವವರ ಜೊತೆ ಸಂಘವೂ ಒಪ್ಪಿಗೆದಾರನಾಗಿ ಸಹಿ ಹಾಕುವ ಮಾರಾಟ ಕರಾರನ್ನು ನೋಂದಣಿ ಮಾಡಿಸಿ. ಅದರಲ್ಲಿ ಮೂರು ಮಾತು ಇರಲೇಬೇಕು: ಸಂಘದಿಂದ ಸದಸ್ಯರಿಗೆ ಕ್ರಯಪತ್ರ ಮತ್ತು ಫ್ಲ್ಯಾಟಿನ ಪ್ರತ್ಯೇಕ ಇ-ಖಾತಾ ಆಗುವುದಕ್ಕೆ ಗಡುವು ದಿನಾಂಕ, ಅದರೊಳಗೆ ಆಗದಿದ್ದರೆ ಅಥವಾ ಕಾಗದದ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್, ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ವಿದ್ಯುತ್ ಬಾಕಿ ಅಲ್ಲಿಯವರೆಗೆ ಮಾರುವವರದ್ದು. ಇವಕ್ಕೆ ಅವರು ಒಪ್ಪದಿದ್ದರೆ ಬಿಟ್ಟುಬಿಡಿ, ಅದೇ ಕಡೆ ಬೇರೆ ಮನೆ ಸಿಗುತ್ತದೆ.

ರಜಿಸ್ಟ್ರಿ ಆದ ಮೇಲೆ ಪಾಲಿಕೆಯಲ್ಲಿ ಖಾತಾ ವರ್ಗಾವಣೆ, ಜೆಸ್ಕಾಂ ಮೀಟರಿನ ಹೆಸರು ಬದಲಾವಣೆ, ಸಂಘದ ಮಂಡಳಿಯ ಠರಾವು ಸಹಿತ ಷೇರು ವರ್ಗಾವಣೆ ಮಾಡಿಸಿ, ಸದಸ್ಯತ್ವ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರೆದ ಪುಟದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ನಾಮಿನಿ ಅರ್ಜಿಯನ್ನೂ ಅದೇ ದಿನ ತುಂಬಿ ಕೊಡಿ. ಕ್ರಯಪತ್ರದಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರೂ ಇರಲಿ, ಸದಸ್ಯತ್ವವೂ ಬೈಲಾ ಒಪ್ಪಿದರೆ ಜಂಟಿಯಾಗಿಯೇ ಇರಲಿ.